ಎಡಮನೆ, ಬಲಮನೆ

ನಾನು ಮದುವೆಯಾಗಿ ಬಂದ ಮನೆಯ ನಡುವೆ ರಸ್ತೆ ಹಾದುಹೋಗುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾದ ರಸ್ತೆ. ಕಾರು, ಲಾರಿ, ಹುಲ್ಲಿನ ಗಾಡಿ, ಬಂಗಲೆ ಅಮ್ಮನ ನಾಯಿ, ಎಲ್ಲವೂ ನಮ್ಮ ಅಡುಗೆಮನೆಗೂ ಬಚ್ಚಲಿಗೂ ನಡುವೆ ಓಡಾಡುತ್ತಿದ್ದವು.

ಬಂಗಲೆಯ ದೊಡ್ಡ ಗೇಟಿನ ಎರಡು ಬದಿಗೂ ಒಂದೊಂದು ಪುಟ್ಟ ಕಲ್ಲುಮನೆ, ಮೇಲೆ ಎರಡನ್ನೂ ಕೂಡಿಸುವ ಕಮಾನು. ಎರಡೂ ಸೇರಿ ಒಂದು ಗೇಟ್‌ಮನೆ. ಗೇಟು ಕಾಯುವವರ ಸಂಸಾರ ಇರಲಿ ಅಂತ ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಕಟ್ಟಿಸಿದ್ದು. ಸಂಸಾರದ ಚಿಂತೆ ಅವನಿಗೆ ಎಷ್ಟಿತ್ತೋ ಕಾಣೆ, ಅಂದದ ಚಿಂತೆಯಂತೂ ವಿಪರೀತ ಇತ್ತು. ಎಡಕ್ಕೆ ಒಂದು ಬಾಗಿಲಿದ್ದರೆ ಅದಕ್ಕೆ ಸರಿ ಎದುರಾಗಿ ಬಲಕ್ಕೂ ಒಂದು. ಎಡಕ್ಕೆ ಒಂದು ಕಿಟಕಿಯಿದ್ದರೆ ಬಲಕ್ಕೂ ಒಂದು. ಒಲೆ ಇದ್ದದ್ದು ಎಡಮನೆಯಲ್ಲಿ ಮಾತ್ರ, ಆದರೂ ಬಲಮನೆಯ ತಲೆಯ ಮೇಲೂ ಅಷ್ಟೇ ಎತ್ತರದ ಹೊಗೆಗೂಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದನ್ನು ಕಲ್ಲಿನಲ್ಲಿ ಕಟ್ಟಿದರೆ ಹೀಗೇ ಇರುತ್ತದೆ. ಇನ್ನು ಎಡಮನೆಯ ಹೊರಗೋಡೆಯ ಒಂದು ಕಿಟಕಿ ಕಿಟಕಿಯೇ ಅಲ್ಲ. ಚೌಕಟ್ಟು, ಗಾಜು, ಅರ್ಧ ಸರಿಸಿದ ಪರದೆ, ಎಲ್ಲವನ್ನೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದರು. ಹೊಸದಾಗಿ ಬಂದಾಗ ಒಳ್ಳೆ ಸೊಸೆ ಅನ್ನಿಸಿಕೊಳ್ಳೋಣ ಅಂತ ಒದ್ದೆ ಬಟ್ಟೆ ಹಿಡಿದು ಅದರ ಗಾಜು ಒರೆಸಲು ಹೋಗಿದ್ದೆ. ಅತ್ತೆ ನೋಡಿ, ನಗು ತಡೆಯಲಾರದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಎಡಮನೆಯಲ್ಲಿ ಅಡುಗೆಮನೆ, ಅದರ ಹಿಂದೆ ನನಗೂ ನನ್ನ ಗಂಡನಿಗೂ ಒಂದು ಕೋಣೆ. ಬಲಮನೆಯಲ್ಲಿ ಗೇಟಿನ ಗಂಟೆ ಇರುವ ಕೋಣೆ, ಅಲ್ಲೇ ಮಾವನ ಕುರ್ಚಿ, ಮಾವ ಅತ್ತೆಯ ಮಂಚ. ಅದರ ಹಿಂದೆ ಬಚ್ಚಲು. ಹಾಗಾಗಿ ಗೇಟು ಕಾಯುವ ಮಾವ ಊಟಕ್ಕೆ ರಸ್ತೆ ದಾಟಬೇಕು, ಅತ್ತೆ ನಿದ್ದೆಗೆ ದಾಟಬೇಕು, ನಾವಿಬ್ಬರು ಸ್ನಾನಕ್ಕೆ ದಾಟಬೇಕು. ನೀರು ಕಾಯುವುದು ಈಚೆ, ಮೈ ತೊಳೆಯುವುದು ಆಚೆ. ಬಿಸಿನೀರಿನ ಬಕೆಟ್ ಎತ್ತಿಕೊಂಡು ನಾನು ಬಾಗಿಲಿಗೆ ಬಂದೆನೋ ಇಲ್ಲವೋ, ಎಲ್ಲಿತ್ತೋ ಲಾರಿ, ಬಂದು ಎದುರಿಗೆ ನಿಲ್ಲುತ್ತಿತ್ತು. ಮಾವ ನಿಧಾನಕ್ಕೆ ಗೇಟು ತೆಗೆದು, ಡ್ರೈವರನ ಕ್ಷೇಮಸಮಾಚಾರ ಕೇಳಿ, ಲಾರಿ ಹೋಗಿ ಧೂಳು ಇಳಿಯುವಷ್ಟರಲ್ಲಿ ನನ್ನ ನೀರು ಆರಿ ತಣ್ಣಗಾಗಿರುತ್ತಿತ್ತು.

ದಾಟುವುದಕ್ಕೂ ಆ ಮನೆಯಲ್ಲಿ ಶಾಸನಗಳಿದ್ದವು. ಅತ್ತೆಯ ಶಾಸನ, ಬರಿಗೈಯಲ್ಲಿ ದಾಟಬಾರದು. ಆಚೆಯಿಂದ ಈಚೆಗೆ ಬರುವವರು ಖಾಲಿ ಚೊಂಬನ್ನಾದರೂ ತರಬೇಕು, ಈಚೆಯಿಂದ ಆಚೆಗೆ ಹೋಗುವವರು ಒಣಗಿದ ಬಟ್ಟೆಯನ್ನಾದರೂ ಒಯ್ಯಬೇಕು. ಮಾವನ ಶಾಸನ ಇನ್ನೂ ಬಿಗಿ. ರಸ್ತೆಗೆ ಕಾಲಿಟ್ಟರೆ ಅಚ್ಚುಕಟ್ಟಾಗಿರಬೇಕು. “ನಾವು ಬಂಗಲೆಯ ಮುಖ ಕಣಮ್ಮ. ಬಂದೋರು ಮೊದಲು ನೋಡೋದು ನಮ್ಮನ್ನ,” ಅನ್ನುತ್ತಿದ್ದರು. ಒಂದು ಲೋಟ ಚಹಾಕ್ಕೆ ಬರುವುದಿದ್ದರೂ ಅವರು ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿ, ತಲೆ ಬಾಚಿ, ಚಪ್ಪಲಿ ಮೆಟ್ಟಿ, ಎರಡೂ ಕಡೆ ನೋಡಿ ದಾಟುತ್ತಿದ್ದರು. ಆ ತಲೆಯಲ್ಲಿ ಬಾಚುವುದಕ್ಕೆ ಏನಿತ್ತು ಅಂತ ಕೇಳಬೇಡಿ. ಒದ್ದೆ ಕೂದಲಲ್ಲಿ, ನೈಟಿಯಲ್ಲಿ ಬಚ್ಚಲಿನಿಂದ ಓಡಿಬರುವ ಭಾಗ್ಯ ನನಗೆ ಒಂದು ದಿನವೂ ಸಿಗಲಿಲ್ಲ. ಸ್ನಾನ ಮಾಡಿ ಮದುವೆಮನೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ಒಲೆಯ ಮುಂದೆ ಬಂದು ಕೂರುತ್ತಿದ್ದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮಲ್ಲಿ ಅತ್ತೆ ಮಾವ ಉಣ್ಣುವುದು ಎಡಕ್ಕೆ, ಮಲಗುವುದು ಬಲಕ್ಕೆ. ಜಗಳ ರಸ್ತೆ ದಾಟುವಷ್ಟರಲ್ಲೇ ಸುಸ್ತಾಗಿಬಿಡುತ್ತಿತ್ತು. ಮಿಕ್ಕ ಹೊತ್ತೆಲ್ಲ ಇಬ್ಬರೂ ಅವರವರ ಬಾಗಿಲಲ್ಲಿ ಕೂತು ರಸ್ತೆಯ ಮೇಲಿಂದ ಮಾತಾಡುತ್ತಿದ್ದರು. ತರಕಾರಿ ಹೆಚ್ಚುತ್ತ ಅತ್ತೆ ಒಂದು ಅಂದರೆ, ಗಂಟೆಯ ಹಗ್ಗ ಹೊಸೆಯುತ್ತ ಮಾವ ಎರಡು ಅನ್ನುತ್ತಿದ್ದರು. ನಡುವೆ ಕಾರು ಬಂದರೆ ಮಾತು ನಿಲ್ಲಿಸಿ, ಕಾರು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದರು.

ನಾನು ಬಸುರಿಯಾದೆ. ಆಗ ನನಗೆ ನಿಜವಾಗಿ ಸಿಟ್ಟು ಬರತೊಡಗಿತು. ದೊಡ್ಡವರ ಪಾಡು ಹೇಗೋ ಆಗುತ್ತೆ, ಕೂಸಿಗೆ ನೀರು ಹಾಕುವುದು ಹೇಗೆ? ಎಳೆಗೂಸನ್ನು ಬಚ್ಚಲಲ್ಲಿ ಮಲಗಿಸಿಕೊಂಡು, ಕೊಡಗಟ್ಟಲೆ ಬಿಸಿನೀರನ್ನು ರಸ್ತೆ ದಾಟಿಸಿ ತರಿಸಿಕೊಳ್ಳಬೇಕೇ? ಬಂಗಲೆಯ ಪಂಪು, ಮೋಟರು ನೋಡಿಕೊಳ್ಳುವ ನನ್ನ ಗಂಡ ಇದಕ್ಕೆಲ್ಲ “ನಾನೂ ಇಲ್ಲೇ ಬೆಳೆದಿಲ್ವಾ?” ಅಂತ ಒಂದೇ ಉತ್ತರ ಇಟ್ಟುಕೊಂಡಿದ್ದ. “ಬೆಳೆದಿರೋದು ಕಾಣ್ತಾ ಇದೆ,” ಅಂದೆ.

ಅಷ್ಟರಲ್ಲಿ ಕಮಾನು ಬಿರುಕು ಬಿಟ್ಟಿತು. ನಡುವಿನ ಕಲ್ಲು ಜಾರಿದೆ, ಕೆಳಗೆ ಗಾಡಿಗಳು ಓಡಾಡಕೂಡದು ಅಂತ ಬಂಗಲೆ ಅಮ್ಮ ಗೇಟು ಮುಚ್ಚಿಸಿ, ಹಿಂದಿನ ಗೇಟು ತೆಗೆಸಿದರು. ಹಳೆ ಕಟ್ಟಡಗಳನ್ನೇ ರಿಪೇರಿ ಮಾಡುವ ಒಬ್ಬ ಎಂಜಿನಿಯರಮ್ಮ ಬಂದಳು. ನನ್ನ ವಯಸ್ಸಿನವಳೇ. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಮೊಣಕಾಲ ತನಕ ಸುಣ್ಣ. ಬಣ್ಣದ ಕಿಟಕಿಯ ಮುಂದೆ ನಿಂತು, ಕಳೆದುಹೋದ ಅಕ್ಕ ಸಿಕ್ಕಿದವಳ ಹಾಗೆ ಅದನ್ನು ಸವರಿದಳು.

“ಎಂಥ ಚೆಂದ ಕಟ್ಟಿದ್ದಾರೆ ನೋಡ್ರೀ. ದೂರದಿಂದ ಬರೋರಿಗೆ ಎರಡೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಕಾಣಬೇಕು ಅಂತ,” ಅಂದಳು.

“ದೂರದಿಂದ ಬರೋರು ಬಂದು ಹೋಗ್ತಾರೆ. ಇರೋರು ಬಕೆಟ್ ಹೊರ್ತಾರೆ,” ಅಂದೆ.

ಅವಳು ನಕ್ಕಳು. ನಕ್ಕು ಸುಮ್ಮನಾಗಲಿಲ್ಲ, ನನ್ನ ಹೊಟ್ಟೆಯನ್ನೂ ನೋಡಿದಳು, ಬಕೆಟ್ಟನ್ನೂ ನೋಡಿದಳು. ವಾರ ಕಳೆಯುವಷ್ಟರಲ್ಲಿ ಒಂದು ನಕ್ಷೆ ಬರೆದುಕೊಂಡು ಬಂದಳು. ಹೊರಗಿನಿಂದ ಒಂದು ಕಲ್ಲನ್ನೂ ಮುಟ್ಟುವುದಿಲ್ಲ. ಒಳಗೆ ಮಾತ್ರ, ಬಲಮನೆಗೆ ಒಂದು ಅಡುಗೆಮನೆ, ಎಡಮನೆಗೆ ಒಂದು ಬಚ್ಚಲು. ಆ ಸುಳ್ಳು ಹೊಗೆಗೂಡು ಒಳಗೆ ಟೊಳ್ಳಾಗಿಯೇ ಇದೆಯಂತೆ, ಕೆಳಗೆ ಒಲೆ ಹಾಕಿದರೆ ಹೊಗೆ ಸರಾಗ ಹೋಗುತ್ತದಂತೆ. ಎಡಮನೆ ಅತ್ತೆ ಮಾವನಿಗೆ, ಬಲಮನೆ ನನಗೂ ಗಂಡನಿಗೂ. ಗಂಟೆ ಬಡಿದರೆ ಎಡಮನೆಗೂ ಕೇಳುವ ಹಾಗೆ ತಂತಿ ಎಳೆದರಾಯಿತು. ಯಾರೂ ಯಾವುದಕ್ಕೂ ರಸ್ತೆ ದಾಟಬೇಕಾಗಿಲ್ಲ. ಬಂಗಲೆ ಅಮ್ಮ ಆಗಲೇ ಹೂಂ ಅಂದಿದ್ದರು.

ನನಗೆ ಅವಳನ್ನು ಅಪ್ಪಿಕೊಳ್ಳೋಣ ಅನ್ನಿಸಿತು. ಹೊಟ್ಟೆ ಅಡ್ಡ ಬಂತು. ಮಾವ ನಕ್ಷೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, “ಮಗು ಬರ್ತಾ ಇದೆ. ಅನುಕೂಲ ಆಗ್ಲಿ ಬಿಡಮ್ಮ,” ಅಂದರು. ಅತ್ತೆ ಏನೂ ಅನ್ನಲಿಲ್ಲ. ಅನ್ನಲಿಲ್ಲ ಅಂತ ನಾನೂ ಗಮನಿಸಲಿಲ್ಲ. ನನ್ನದೇ ಒಲೆ, ನನ್ನದೇ ಬಚ್ಚಲು, ಒಂದೇ ಸೂರು. ಆ ಸಂತೋಷದಲ್ಲಿ ನನಗೆ ಕಿವಿಯೇ ಇರಲಿಲ್ಲ.

ಗೋಡೆಗೆ ಸಾರವೆ ಕಟ್ಟಿ ಕೆಲಸ ಶುರು ಮಾಡುವ ಮೊದಲು ನಮ್ಮನ್ನು ಬಂಗಲೆಯ ಹಿಂದಿನ ಕ್ವಾರ್ಟರ್ಸಿಗೆ ಕಳಿಸಿದರು. ಎರಡು ಸಾಲು ಮನೆ, ನಡುವೆ ಓಣಿ. ಮನೆ ಅಂದರೆ ಒಂದು ಹಾಲು, ಎರಡು ಪುಟ್ಟ ಕೋಣೆ, ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ಬಚ್ಚಲು. ಮೊದಲ ದಿನ ನಾನು ನೈಟಿಯಲ್ಲೇ ಅಡುಗೆ ಮಾಡಿ, ನೈಟಿಯಲ್ಲೇ ಸ್ನಾನಕ್ಕೆ ಹೋಗಿ, ಇನ್ನೊಂದು ನೈಟಿಯಲ್ಲಿ ಹೊರಗೆ ಬಂದೆ. ಹೊಟ್ಟೆಯೊಳಗಿನ ಕೂಸಿಗೂ ಹೇಳಿದೆ, ನೋಡು, ಮನೆ ಅಂದರೆ ಹೀಗಿರುತ್ತೆ ಅಂತ.

ಅತ್ತೆ ಮಾವನಿಗೆ ಮೊದಮೊದಲು ಸ್ವರ ತಗ್ಗಿಸುವುದೇ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ರಸ್ತೆಯಾಚೆ ಇದ್ದವರ ಜೊತೆ ಮಾತಾಡಿದ ಹಾಗೆ ಕೂಗುತ್ತಿದ್ದರು. “ಉಪ್ಪು ಸಾಕಾ?” ಅಂತ ಅತ್ತೆ ಕೇಳಿದರೆ ಓಣಿಯವರೆಲ್ಲ ಜಗಳ ಬಿಡಿಸಲು ಬರುವ ಹಾಗಿತ್ತು. ಎದುರು ಮನೆಯ ಡ್ರೈವರ್ ಹೆಂಡತಿ ಒಮ್ಮೆ ಬಂದೂ ಬಿಟ್ಟಳು. ನಾಚಿಕೆಯಾಗಿ ಇಬ್ಬರೂ ಮೆಲ್ಲಗೆ ಮಾತಾಡಲು ಕಲಿತರು. ಆಮೇಲೆ ಮಾತೇ ಕಡಿಮೆಯಾಯಿತು. ಎದುರಿಗೇ ಕೂತವರಿಗೆ ಹೇಳುವುದೇನಿರುತ್ತೆ? ಅವರು ಕಂಡದ್ದನ್ನೇ ಇವರೂ ಕಂಡಿರುತ್ತಾರೆ. ಮಾವ ಬನಿಯನ್ನಿನಲ್ಲೇ ಇರತೊಡಗಿದರು. ಗಡ್ಡ ಬಂತು. ಗೇಟು ಮುಚ್ಚಿದ್ದರಿಂದ ಕೆಲಸವೂ ಇಲ್ಲ. ಹಾಲಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಕೂತರು. ಹೊಸ ಜಾಗ, ಹೊಂದಿಕೊಳ್ಳುತ್ತಾರೆ ಅಂದುಕೊಂಡು ನಾನು ಕೂಸಿನ ಬಟ್ಟೆ ಹೊಲಿಯುತ್ತ ಇದ್ದೆ.

ಒಂದು ಮಧ್ಯಾಹ್ನ ಊಟವಾಯಿತು. ಮಾವ ಕೈ ತೊಳೆದು, ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಗುಂಡಿ ಹಾಕಿದರು. ಖಾಲಿ ಚೊಂಬೊಂದನ್ನು ಕೈಗೆ ತಗೊಂಡು, ಚಪ್ಪಲಿ ಮೆಟ್ಟಿ, “ಸ್ವಲ್ಪ ಒರಗ್ತೀನಿ ಕಣೇ,” ಅಂತ ಅತ್ತೆಗೆ ಹೇಳಿ ಹೊರಗೆ ಹೋದರು. ಅತ್ತೆ ಪಾತ್ರೆ ಎತ್ತುತ್ತ “ಹೂಂ” ಅಂದರು. ಇದರಲ್ಲಿ ತಪ್ಪೇನಾದರೂ ಇದೆ ಅಂತ ನನಗೂ ಹೊಳೆಯಲಿಲ್ಲ. ಊಟ ಮಾಡಿ ಹೊರಗೆ ಹೋಗಿ ಮಲಗುವುದು ನಮ್ಮ ಮನೆಯಲ್ಲಿ ಇದ್ದದ್ದೇ ತಾನೆ?

ಎದುರು ಮನೆಯಿಂದ ಕಿರುಚಾಟ ಕೇಳಿ ನಾನು ಓಡಿದೆ. ಮಾವ ಓಣಿ ದಾಟಿ, ನಮ್ಮ ಬಾಗಿಲಿಗೆ ಸರಿ ಎದುರಿದ್ದ ಡ್ರೈವರನ ಬಾಗಿಲು ಹೊಕ್ಕು, ಚೊಂಬನ್ನು ಕಿಟಕಿಯಲ್ಲಿಟ್ಟು, ಡ್ರೈವರನ ಮಂಚದ ಮೇಲೆ ಮಲಗಿ, ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದ್ದರು. ಡ್ರೈವರ್ ಹೆಂಡತಿ ಸ್ನಾನ ಮುಗಿಸಿ ಬಟ್ಟೆ ಹಾಕಿಕೊಳ್ಳುತ್ತ ಹೊರಕೋಣೆಗೆ ಬಂದವಳು ಕಂಡು ಕಿರುಚಿಕೊಂಡಿದ್ದಳು. ಪಾಪ, ಒಳ್ಳೆಯವಳು. ಯಾರೆಂದು ತಿಳಿದ ಮೇಲೆ ಬಿದ್ದು ಬಿದ್ದು ನಕ್ಕಳು. ಓಣಿಯ ಹೆಂಗಸರೂ ನಕ್ಕರು. ನಾನೂ ನಕ್ಕೆ. ಮಾವ ಎದ್ದು ಕೂತು ಸುತ್ತ ನೋಡಿದರು. ಯಾರದೋ ಕ್ಯಾಲೆಂಡರು, ಯಾರದೋ ಟಿವಿ. ಅವರ ಮುಖ ನೋಡಿ ನನ್ನ ನಗು ನಿಂತುಹೋಯಿತು.

“ತಪ್ಪಾಯ್ತು ತಾಯಿ,” ಅಂತ ಅವಳಿಗೆ ಕೈ ಮುಗಿದು, ಚೊಂಬು ಎತ್ತಿಕೊಂಡು ಬಂದರು. ಬಂದವರು ಮೂಲೆಯ ಕುರ್ಚಿಯಲ್ಲಿ ಕೂತರು. ಅವತ್ತಿನಿಂದ ಹೊಸ್ತಿಲು ದಾಟುವುದನ್ನೇ ಬಿಟ್ಟರು.

ಓಣಿಯಲ್ಲಿ ಮಾತು ಹುಟ್ಟಿತು. ವಯಸ್ಸಾಯ್ತು, ಅರಳುಮರಳು. ಆಡುವವರ ಬಾಯಿಗೆ ಮೂಗುದಾರ ಹಾಕೋರು ಯಾರು? ನನ್ನ ಗಂಡನೂ ಗಾಬರಿಯಾದ. “ಡಾಕ್ಟರಿಗೆ ತೋರಿಸೋಣ. ಇನ್ನು ಗೇಟು ಕಾಯೋದು ಬೇಡ ಅಂತ ಅಮ್ಮಾವ್ರಿಗೆ ನಾನೇ ಹೇಳ್ತೀನಿ,” ಅಂದ. ಅಪ್ಪನ ಮೇಲಿನ ಪ್ರೀತಿಗೇ ಅಂದದ್ದು. ಆದರೆ ಮಾವನಿಗೆ ಅದು ಕೇಳಿಸಿತು. ಅವರು ಗೋಡೆಯ ಕಡೆ ತಿರುಗಿದರು.

ಮಾರನೆಯ ದಿನ ಮಾವ ಕೋಣೆಯಲ್ಲಿ ಮಲಗಿದ್ದರು, ಗಂಡ ಪಂಪ್‌ಹೌಸಿಗೆ ಹೋಗಿದ್ದ. ನಾನು ತೊಟ್ಟಿಲ ಬಟ್ಟೆಗೆ ಅಂಚು ಹೊಲಿಯುತ್ತಿದ್ದೆ. ಅತ್ತೆ ನೂಲಿನ ಉಂಡೆ ಹಿಡಿದು ಹತ್ತಿರ ಬಂದು ಕೂತರು.

“ಅವರಿಗೆ ಅರಳುಮರಳು ಅಂತೀರಲ್ಲ, ಹಾಗಾದ್ರೆ ನನಗೂ ಅದೇ ಆಗಿದೆ ಕಣೇ,” ಅಂದರು.

“ನಿಮಗೇನತ್ತೆ?”

“ಅಡುಗೆ ಆಗುತ್ತೆ, ತಟ್ಟೆ ಹಾಕ್ತೀನಿ. ಹಾಕಿ ಬಾಗಿಲ ಕಡೆ ನೋಡ್ತಾ ನಿಂತ್ಕೋತೀನಿ, ಬರ್ತಾರೆ ಅಂತ. ಎಷ್ಟು ಹೊತ್ತಾದ್ರೂ ಬರೋದಿಲ್ಲ. ತಿರುಗಿ ನೋಡಿದ್ರೆ ಬೆನ್ನ ಹಿಂದೇನೇ ಕೂತಿರ್ತಾರೆ.”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು,” ಅಂತ ನಕ್ಕೆ.

ಅತ್ತೆಯೂ ನಕ್ಕರು. ನಕ್ಕು, ನೂಲು ಸುತ್ತುತ್ತ ಹೇಳಿದರು. “ಅಲ್ಲಿ ದಿನಕ್ಕೆ ಎಷ್ಟು ಸಲ ಬರ್ತಿದ್ರು. ಬೆಳಿಗ್ಗೆ ಚಹಾಕ್ಕೆ, ತಿಂಡಿಗೆ, ನೀರಿಗೆ, ಊಟಕ್ಕೆ. ತಲೆ ಬಾಚ್ಕೊಂಡು, ಎರಡೂ ಕಡೆ ನೋಡ್ಕೊಂಡು, ನನ್ನ ಹತ್ರಾನೇ ಬರ್ತಿದ್ರು. ನಾನು ಒಲೆ ಮುಂದೆ ಕೂತೇ ನೋಡ್ತಿದ್ದೆ. ಇಷ್ಟು ವರ್ಷ ಆದ್ರೂ ಅವರು ಆ ಬಾಗಿಲು ದಾಟಿದ್ರೆ ನಾನು ಸೆರಗು ಸರಿ ಮಾಡ್ಕೋತಿದ್ದೆ ಕಣೇ. ಇಲ್ಲಿ ಅವರು ಇರ್ತಾರೆ. ಇರ್ತಾರೆ, ಬರೋದಿಲ್ಲ.”

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಅತ್ತೆ ಅದನ್ನು ನೋಡಲಿಲ್ಲ. “ನಿನಗೆ ಹೇಳ್ಬಾರದು ಅಂತಿದ್ದೆ. ಮಗೂಗೆ ಅನುಕೂಲ ಆಗುತ್ತೆ, ನಕ್ಷೆ ಚೆನ್ನಾಗೇ ಇದೆ. ನಮಗೆ ರೂಢಿಯಾಗುತ್ತೆ ಬಿಡು,” ಅಂತ ಎದ್ದು ಒಳಗೆ ಹೋದರು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸುಳ್ಳು ಕಿಟಕಿ ಬರೆಸಿದ ಆ ಪುಣ್ಯಾತ್ಮನ ಮೇಲೆ, ಇಷ್ಟು ದಿನ ಬಾಯಿ ಬಿಡದ ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಚೆಂದದ ನಕ್ಷೆಯ ಮೇಲೆ. ನನ್ನ ಒಲೆ, ನನ್ನ ಬಚ್ಚಲು ಅಂತ ಆಸೆಪಟ್ಟದ್ದರಲ್ಲಿ ತಪ್ಪಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಎಡಮನೆಯೊಂದರಲ್ಲೇ ಅವರಿಬ್ಬರನ್ನು ಕೂರಿಸಿದರೆ ಈ ಕ್ವಾರ್ಟರ್ಸೇ ಅಲ್ಲಿಗೂ ಬರುತ್ತೆ. ಮಾವ ಮೂಲೆಗೆ ಕುರ್ಚಿ ಹಾಕಿಕೊಳ್ಳುತ್ತಾರೆ, ಅತ್ತೆ ಬಾಗಿಲು ನೋಡುತ್ತ ನಿಲ್ಲುತ್ತಾರೆ. ನಾನು ಎದುರಿಗೆ ನನ್ನ ಒಲೆಯ ಮುಂದೆ ಕೂತು ಅದನ್ನು ದಿನಾ ನೋಡಬೇಕು. ನನಗೆ ಅವರಿಬ್ಬರೂ ಬೇಕಾಗಿದ್ದರು. ನಾನು ಬಂದಾಗ ಹೇಗಿದ್ದರೋ ಹಾಗೇ ಬೇಕಾಗಿದ್ದರು.

ಕೂತರೆ ಮನಸ್ಸು ಬದಲಾದೀತು ಅಂತ ಆಗಲೇ ಹೊರಟೆ. ಗೇಟ್‌ಮನೆಯ ಹತ್ತಿರ ಗಾರೆಯವರು ಬಲಮನೆಯ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ನನ್ನ ಅಡುಗೆಮನೆಯ ಗುರುತು. ಎಂಜಿನಿಯರಮ್ಮ ಏಣಿಯ ಮೇಲಿದ್ದಳು.

“ಇಳಿದು ಬಾಮ್ಮ ತಾಯಿ. ನನಗೆ ಹತ್ತಕ್ಕಾಗಲ್ಲ,” ಅಂದೆ.

ಅವಳು ಇಳಿದಳು. ಬಲಕ್ಕೆ ಅಡುಗೆಮನೆ ಬೇಡ, ಎಡಕ್ಕೆ ಬಚ್ಚಲು ಬೇಡ ಅಂದೆ. ಅವಳಿಗೆ ನಂಬಲಾಗಲಿಲ್ಲ.

“ನೀವೇ ಕೇಳಿದ್ರಲ್ಲಾ? ಮಗು?”

“ಬಚ್ಚಲಲ್ಲಿ ನೀರು ಕಾಯಿಸೋದಕ್ಕೆ ಒಂದು ಒಲೆ ಹಾಕಿ ಕೊಡಿ. ಆ ಹೊಗೆಗೂಡು ಇಷ್ಟು ವರ್ಷ ಸುಮ್ಮನೆ ನಿಂತಿದೆ, ಅದೂ ದುಡೀಲಿ. ಮಿಕ್ಕಿದ್ದೆಲ್ಲ ಹೇಗಿತ್ತೋ ಹಾಗೆ. ಅಡುಗೆ ಒಂದೇ ಕಡೆ.”

“ಮತ್ತೆ ಊಟಕ್ಕೆ ನಿಮ್ಮ ಮಾವ ದಾಟಬೇಕಾಗುತ್ತೆ. ವಯಸ್ಸಾದೋರು, ಮಳೆ ಬಿಸಿಲು.”

“ದಾಟಲಿ. ಅವರು ದಾಟೋದನ್ನ ನೋಡೋದಕ್ಕೆ ನಮ್ಮತ್ತೆ ಕಾಯ್ತಾ ಇದ್ದಾರೆ,” ಅಂದೆ. ಹೇಳುತ್ತಲೇ ಅತ್ತುಬಿಟ್ಟೆ. ಬಸುರಿಯರಿಗೆ ಅದೊಂದು ಅನುಕೂಲ, ಎಲ್ಲಿ ಬೇಕಾದರೂ ಅಳಬಹುದು, ಯಾರೂ ಕಾರಣ ಕೇಳುವುದಿಲ್ಲ. ಅವಳು ಕೇಳಲೂ ಇಲ್ಲ. ಕಿವಿಯ ಪೆನ್ಸಿಲ್ಲು ತೆಗೆದು, ತಾನೇ ಬರೆದ ನಕ್ಷೆಯ ಮೇಲೆ ಅಡ್ಡ ಗೆರೆ ಎಳೆದಳು.

ಬಂಗಲೆ ಅಮ್ಮನಿಗೂ ನಾನೇ ಹೋಗಿ ಹೇಳಿದೆ. ಮತ್ತೆ ಗೇಟು ತೆಗೆಯುವ ದಿನದಿಂದ ಮಾವನೇ ಕಾಯುತ್ತಾರೆ, ಅವರಿಗೇನೂ ಆಗಿಲ್ಲ ಅಂದೆ. ಗಂಡನಿಗೆ ಸಂಜೆ ಹೇಳಿದೆ. ಅವನು, “ಕೈಗೆ ಬಂದ ತುತ್ತನ್ನ ನೀನೇ ಕೆಳಗೆ ಹಾಕ್ಕೊಂಡೆ,” ಅಂದ. “ಅಲ್ಲಿಗೆ ಹೋದ ಮೇಲೆ ಬಚ್ಚಲ ಒಲೆಗೆ ಸೌದೆ ಹೊರೋನು ನೀನು, ಬಾಯಿ ಮುಚ್ಕೋ,” ಅಂದೆ. ಬಾಯಿ ಮುಚ್ಚಿಕೊಂಡೇ ಅವನು ನನ್ನ ಕಾಲು ಒತ್ತಿದ.

ಕಮಾನಿನ ಕಲ್ಲು ಕೂತು, ಸಾರವೆ ಬಿಚ್ಚಿ, ಗೇಟು ತೆಗೆದ ದಿನ ನಾವು ವಾಪಸು ಬಂದೆವು. ಬೆಳಗಿನಿಂದ ಸಾಮಾನು ಸಾಗಿಸುವುದರಲ್ಲೇ ಹೊತ್ತು ಹೋಯಿತು. ಮಾವ ಕುರ್ಚಿಯನ್ನು ತಾವೇ ಹೊತ್ತು ತಂದು ಗಂಟೆಯ ಕೆಳಗೆ ಹಾಕಿದರು. ಅತ್ತೆ ಎಡಮನೆಯ ಒಲೆ ಹಚ್ಚಿದರು. ನಾನು ಬಲಮನೆಯ ಬಚ್ಚಲಿನಲ್ಲಿ ಹೊಸ ಒಲೆಗೆ ಸೌದೆ ಇಟ್ಟು, ಹೊಗೆ ಸರಿಯಾಗಿ ಹೋಗುತ್ತದೆಯೇ ಅಂತ ನೋಡುತ್ತಿದ್ದೆ.

ಮಧ್ಯಾಹ್ನವಾಯಿತು. ಕೋಣೆಯಲ್ಲಿ ಮಾವ ಕನ್ನಡಿ ಹುಡುಕುತ್ತಿರುವ ಸದ್ದು ಕೇಳಿಸಿತು. ಗಡ್ಡ ಬೆಳಿಗ್ಗೆಯೇ ಹೋಗಿತ್ತು. ನಾನು ಬಚ್ಚಲಿನ ಬಾಗಿಲಿಂದ ಇಣುಕಿದಾಗ ಅವರು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಂದು ವಾಹನವೂ ಇರಲಿಲ್ಲ. ಆದರೂ ಅವರ ಕಾಲು ಏಳಲಿಲ್ಲ. ಡ್ರೈವರನ ಮನೆಯ ಆ ಮಧ್ಯಾಹ್ನ ಅವರ ಬೆನ್ನ ಮೇಲೆ ಇನ್ನೂ ಇತ್ತು, ಎದುರಿನ ಬಾಗಿಲು ತಮ್ಮದು ಹೌದೋ ಅಲ್ಲವೋ ಅಂತ ಅನುಮಾನಿಸುವವರ ಹಾಗೆ ನಿಂತೇ ಇದ್ದರು. ನಾನು ಕೂಗಿ ಹೇಳೋಣ ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಎಡಮನೆಯ ಬಾಗಿಲಿಗೆ ಬಂದರು. ಕೈ ಸೆರಗಿಗೆ ಒರೆಸಿಕೊಂಡರು. “ಬನ್ನಿ,” ಅಂದರು. ಕೂಗಲಿಲ್ಲ, ಮೆಲ್ಲಗೆ ಅಂದರು. ಮಾವ ದಾಟಿದರು.

ಒಳಗೆ ತಟ್ಟೆಯ ಸದ್ದಾಯಿತು, ಅತ್ತೆ ಏನೋ ಹೇಳಿದರು, ಮಾವ ನಕ್ಕರು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ, ಒಗ್ಗರಣೆಯ ವಾಸನೆ ರಸ್ತೆ ದಾಟಿ ಬಂದು ನನ್ನನ್ನೂ ಹೊಟ್ಟೆಯೊಳಗಿನ ಕೂಸನ್ನೂ ಒಟ್ಟಿಗೆ ಪೀಡಿಸಿತು. ಆದರೂ ನಾನು ಅವರ ಊಟ ಮುಗಿಯುವ ತನಕ ರಸ್ತೆ ದಾಟಲಿಲ್ಲ.